ಮೆಣಸಿನ ಸಸಿ ಬೀಜದೆಲೆ ಬಿಟ್ಟ ಮೇಲೆ ತುದಿ ಸುಟ್ಟು ಸಾಯುತ್ತಿದೆ, ದಯವಿಟ್ಟು ದಾರಿ ಹೇಳಿ

ಬಾಲ್ಕನಿ ಮೆಣಸು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯೊಳಗೆ ಪ್ರೋಟ್ರೇಯಲ್ಲಿ (ಸಣ್ಣ ಗುಣಿಗಳಿರುವ ಸಸಿ ತಟ್ಟೆ) ಮೆಣಸಿನ ಬೀಜ ಹಾಕಿದ್ದೇನೆ. ಬ್ಯಾಡಗಿ, ಅರ್ಕಾ ಹರಿತಾ, ಜೊತೆಗೆ ಭೂತ್ ಜೊಲೋಕಿಯಾ. ಬ್ಯಾಡಗಿ, ಹರಿತಾ ಎರಡೂ ಚೆನ್ನಾಗಿ ಮೊಳೆಯುತ್ತವೆ. ಬೀಜದೆಲೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಅಲ್ಲೇ ನಿಂತುಬಿಡುತ್ತವೆ. ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ, ಅಂಚು ಒಳಗೆ ಸುರುಟುತ್ತದೆ, ಕೊನೆಗೆ ಸಸಿಯೇ ಹೋಗುತ್ತದೆ. ಭೂತ್ ಜೊಲೋಕಿಯಾ ಅಂತೂ ಮೊಳಕೆಯೇ ಒಡೆಯುತ್ತಿಲ್ಲ.

ಬೀಜ ಒಳ್ಳೆಯ ಕಡೆಯಿಂದ ತಂದಿದ್ದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೊಳೆದೇ ಬಳಸಿದ್ದೇನೆ. ನೀರು ಹದವಾಗಿ ಕೊಡುತ್ತಿದ್ದೇನೆ. ಬೆಳಕೂ ಇದೆ. ಇನ್ನೇನು ಬಾಕಿ ಇದೆ ಹೇಳಿ. ಮತ್ತೆ ಮತ್ತೆ ಹಾಕುವುದು, ಮತ್ತೆ ಮತ್ತೆ ಸಾಯುವುದು. ಮನೆಯಲ್ಲಿ ಎಲ್ಲರೂ ಅಂಗಡಿಯಿಂದ ಸಸಿ ತಂದುಬಿಡು ಅನ್ನುತ್ತಿದ್ದಾರೆ. ನನಗೆ ಬೀಜದಿಂದಲೇ ಬೆಳೆಸಬೇಕು.

ತಾರಸಿ ತೋಟ ತುಮಕೂರು

ಇದು ನೂರಕ್ಕೆ ನೂರು ಸಸಿ ಕೊಳೆ ರೋಗ. ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ನೀರು ಜಾಸ್ತಿ ಆಗಿದೆ. ಎರಡು ದಿನ ನೀರು ನಿಲ್ಲಿಸಿ, ಟ್ರೇಯ ಮೇಲಿನ ಮುಚ್ಚಳ ತೆಗೆಯಿರಿ, ಚಿಕ್ಕ ಫ್ಯಾನ್ ಹಾಕಿ. ಮುಂದಿನ ಸಲ ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಉಪಚಾರ ಮಾಡಿಯೇ ಹಾಕಿ. ಮನೆಯೊಳಗೆ ಬೆಳೆಸುವವರ ಸಸಿ ಹೆಚ್ಚಾಗಿ ಸಾಯುವುದು ಇದರಿಂದಲೇ.

ಮಲೆನಾಡ ಹಿತ್ತಲು

ತುಮಕೂರು ಸರ್ ಹೇಳಿದ್ದು ಸರಿ. ನಾನು ದಾಲ್ಚಿನ್ನಿ ಪುಡಿ ತೆಳ್ಳಗೆ ಉದುರಿಸುತ್ತೇನೆ. ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ನೀರಿಗೆ ಬೆರೆಸಿ ಸಿಂಪಡಿಸಿದರೂ ಆಗುತ್ತದೆ.

ತಾರಸಿ ತೋಟ ತುಮಕೂರು

ಪೆರಾಕ್ಸೈಡ್ ಹಾಕಿದರೆ ಟ್ರೈಕೋಡರ್ಮಾ ಕೂಡ ಸಾಯುತ್ತದೆ ಅಕ್ಕ. ಒಂದೇ ಟ್ರೇಗೆ ಎರಡನ್ನೂ ಹೇಳಬೇಡಿ. ಯಾವುದಾದರೂ ಒಂದು ಹಿಡಿಯಬೇಕು.

ಮಲೆನಾಡ ಹಿತ್ತಲು

ನಾನು ಎರಡನ್ನೂ ಒಟ್ಟಿಗೆ ಹಾಕಿ ಅಂದಿಲ್ಲ. ನನ್ನ ಸಸಿಗಳು ಚೆನ್ನಾಗಿಯೇ ಇವೆ.

ಬಾಲ್ಕನಿ ಮೆಣಸು (ಬೆಂಗಳೂರು)

ಟ್ರೈಕೋಡರ್ಮಾ ಈ ಸಲ ಹಾಕಿಯೇ ಬಿತ್ತಿದ್ದು. ಮೇಲೆ ಬರೆಯಲಿಲ್ಲ, ಎಲ್ಲರೂ ಹಾಕೇ ಹಾಕುತ್ತಾರಲ್ವಾ ಅಂತ. ಮತ್ತೆ, ಸಸಿ ಬೀಳುತ್ತಿಲ್ಲ. ನೆಟ್ಟಗೆ ನಿಂತೇ ಒಣಗುತ್ತಿದೆ.

ತಾರಸಿ ತೋಟ ತುಮಕೂರು

ನಿಂತೇ ಒಣಗಿದರೂ ಬೇರು ಕೊಳೆತಿರಬಹುದು. ಕೋಕೋಪೀಟ್ ಹಿಂಡಿದರೆ ನೀರು ತೊಟ್ಟಿಕ್ಕುತ್ತದಾ? ತೊಟ್ಟಿಕ್ಕಿದರೆ ನೀರು ಜಾಸ್ತಿ ಎಂದೇ ಅರ್ಥ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ನೀರು ಇಳಿಯಬಾರದು.

ಕೆಂಪುಮಣ್ಣು (ಚಿತ್ರದುರ್ಗ)

ಈ ಕೋಕೋಪೀಟ್ ಬಿಡಿ ಸ್ವಾಮಿ. ನಮ್ಮ ಅಜ್ಜಿ ನೆಲದಲ್ಲಿ ಸಸಿಮಡಿ ಮಾಡಿ ಮೆಣಸಿನ ಸಸಿ ಎಬ್ಬಿಸುತ್ತಿದ್ದರು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಮ ಸಮ. ಮೇಲೆ ಹುಲ್ಲು ಹೊದಿಸಿ ಝಾರಿಯಲ್ಲಿ ನೀರು. ಒಂದೂ ಸಾಯುತ್ತಿರಲಿಲ್ಲ. ನಾರಿನ ಪುಡಿಯಲ್ಲಿ ಏನು ಸತ್ವ ಇದೆ? ಸಸಿಗೆ ಊಟ ಬೇಡವಾ?

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ಅಣ್ಣ, ಬೀಜದೆಲೆ ಹಂತದಲ್ಲಿ ಸಸಿಗೆ ಹೊರಗಿನ ಊಟ ಬೇಡ. ಅದರ ಬುತ್ತಿ ಬೀಜದೊಳಗೇ ಇರುತ್ತದೆ. ನಿಜವಾದ ಎಲೆ ಬಂದ ಮೇಲೆ ತೆಳುವಾಗಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ ಗೊಬ್ಬರ) ಕೊಟ್ಟರೆ ಸಾಕು. ನಮ್ಮ ಕಡೆ ಟೊಮೆಟೊ, ಕ್ಯಾಪ್ಸಿಕಂ ಎಲ್ಲವೂ 98 ಗುಣಿಯ ಪ್ರೋಟ್ರೇ, ಕೋಕೋಪೀಟ್‌ನಲ್ಲೇ ಎಬ್ಬಿಸುವುದು. ಮಾಧ್ಯಮದಲ್ಲಿ ತಪ್ಪಿಲ್ಲ.

ಬಾಲ್ಕನಿ ಅವರೇ, ಇಲ್ಲಿ ಯಾರೂ ಸಾಯುತ್ತಿರುವ ಸಸಿಯನ್ನು ಸರಿಯಾಗಿ ನೋಡಿಲ್ಲ. ಕೊಳೆ ರೋಗವಾದರೆ ಕಾಂಡ ಮಣ್ಣಿನ ಮಟ್ಟದಲ್ಲಿ ದಾರದ ಹಾಗೆ ಸಣ್ಣಗಾಗಿ ಸಸಿ ಮಲಗಿಬಿಡುತ್ತದೆ. ನೀವು ಹೇಳುತ್ತಿರುವುದು ತುದಿಯಿಂದ ಒಳಗೆ ಬರುವ ಸುಡುವಿಕೆ. ಅದು ಬೇರೆ. ಒಂದು ಸಸಿಯನ್ನು ಚಮಚದಲ್ಲಿ ಉಂಡೆ ಸಮೇತ ಎತ್ತಿ, ಬೇರು ತೊಳೆದು ನೋಡಿ. ಬೇರಿನ ಬಣ್ಣ ಏನು? ಆಮೇಲೆ ನೀರು ಎಲ್ಲಿಯದು ಹೇಳಿ.

ರ್‍ಯಾಕ್ ಮತ್ತು ಬೆಳಕು (ಶಿವಮೊಗ್ಗ)

ಬೆಳಕು ಇದೆ ಅಂದರೆ ಏನು ಬೆಳಕು? ಕಿಟಕಿಯದ್ದಾ? ಕಿಟಕಿ ಬೆಳಕು ಸಾಲದು. ನಾನು ಕಬ್ಬಿಣದ ರ್‍ಯಾಕ್‌ಗೆ 20 ವಾಟಿನ ಎಲ್‌ಇಡಿ ಟ್ಯೂಬ್, 6500 ಕೆಲ್ವಿನ್‌ದು, ಒಂದೊಂದು ತಟ್ಟೆಗೆ ಎರಡೆರಡು ಹಾಕಿದ್ದೇನೆ. ಸಸಿಯ ತಲೆಯಿಂದ ಅರ್ಧ ಅಡಿ ಮೇಲೆ. ಟೈಮರ್‌ನಲ್ಲಿ ದಿನಕ್ಕೆ 16 ಗಂಟೆ. ಕೆಳಗಿನ ತಟ್ಟೆಯಲ್ಲಿ ಕ್ಯಾಪ್ಸಿಕಂ, ಮಧ್ಯೆ ಮೆಣಸು, ಮೇಲೆ ಪೆಟೂನಿಯಾ. ಗೋಡೆಗೆ ಬಿಳಿ ಥರ್ಮೋಕೋಲ್ ಹಲಗೆ, ಬೆಳಕು ವಾಪಸ್ ಬೀಳಲಿ ಅಂತ. ಕಾಂಡ ಪೆನ್ಸಿಲ್‌ನಷ್ಟು ದಪ್ಪ ಆಗುತ್ತದೆ. ಫೋಟೋ ಹಾಕುತ್ತೇನೆ.

ತಾರಸಿ ತೋಟ ತುಮಕೂರು

ಅವರ ಸಸಿ ಉದ್ದಕ್ಕೆ ಎಳೆದುಕೊಂಡಿದೆ ಅಂತ ಅವರು ಹೇಳಲೇ ಇಲ್ಲ. ಬೆಳಕಿನ ತೊಂದರೆಯಾದರೆ ಕಾಂಡ ಬಿಳಿಚಿಕೊಂಡು ಉದ್ದ ಆಗುತ್ತದೆ. ಇಲ್ಲಿ ರ್‍ಯಾಕ್ ವಿಷಯ ಯಾಕೆ?

ರ್‍ಯಾಕ್ ಮತ್ತು ಬೆಳಕು (ಶಿವಮೊಗ್ಗ)

ಅವರು ಹೇಳಿಲ್ಲ ಅಂತಲೇ ಕೇಳಿದ್ದು. ನೀವು ಫೋಟೋ ನೋಡದೆ ನೂರಕ್ಕೆ ನೂರು ರೋಗ ಅಂದಿರಲ್ಲ.

ಬಾಲ್ಕನಿ ಮೆಣಸು (ಬೆಂಗಳೂರು)

ದಯವಿಟ್ಟು ಜಗಳ ಬೇಡ. ಟ್ಯೂಬ್ ನನ್ನ ಹತ್ತಿರವೂ ಇದೆ, ಸಸಿ ಗಿಡ್ಡವಾಗಿಯೇ ಇದೆ. ಬೇರು ತೊಳೆದು ನೋಡಿದೆ. ಮುಖ್ಯ ಬೇರು ಬಿಳಿ, ಗಟ್ಟಿ. ಆದರೆ ತುದಿ ಮೊಂಡು, ಕಂದು. ಪಕ್ಕದ ಸಣ್ಣ ಬೇರುಗಳು ಇಲ್ಲವೇ ಇಲ್ಲ. ವಾಸನೆ ಇಲ್ಲ.

ನೀರು ನಲ್ಲಿಯದು. ಬೋರ್ ನೀರು. ನೀರಿನ ಬಗ್ಗೆ ಅನುಮಾನ ಬೇಡ, ಯಾಕೆಂದರೆ ಕೆಳಗಿನ ಅಪಾರ್ಟ್‌ಮೆಂಟ್ ತೋಟದಲ್ಲಿ ದಾಸವಾಳ, ಕರಿಬೇವು ಎಲ್ಲಾ ಸೊಂಪಾಗಿವೆ. ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಉಪ್ಪು ಅಳೆಯುವುದು) ಅದ್ದಿ ನೋಡಿದ್ದೇನೆ, 620. ಬೆಂಗಳೂರಿನ ಬೋರ್‌ಗೆ ಇದು ಏನೂ ಅಲ್ಲ.

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ಎರಡು ಪ್ರಶ್ನೆ. ಸ್ನಾನದ ಮನೆಯ ನಲ್ಲಿ, ಶವರ್ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದಾ? ಸೋಪು ಹಚ್ಚಿದರೆ ನೊರೆ ಬರುತ್ತದಾ?

ಕೆಂಪುಮಣ್ಣು (ಚಿತ್ರದುರ್ಗ)

ಸಸಿಗೂ ಸೋಪಿಗೂ ಏನು ಸಂಬಂಧ?

ಬಾಲ್ಕನಿ ಮೆಣಸು (ಬೆಂಗಳೂರು)

ಪೊರೆ ಕಟ್ಟುವುದಿಲ್ಲ. ನೊರೆ ಜೋರು ಬರುತ್ತದೆ. ಎಷ್ಟು ನೀರು ಹುಯ್ದರೂ ಮೈ ಮೇಲೆ ಸೋಪು ಇದ್ದ ಹಾಗೇ ಜಾರುತ್ತದೆ. ಯಾಕೆ?

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

620 ಟಿಡಿಎಸ್ ಇರುವ ಬೋರ್ ನೀರು ಸಾಮಾನ್ಯವಾಗಿ ಸುಣ್ಣ ಬಿಡದೆ ಇರುವುದಿಲ್ಲ. ನಿಮ್ಮ ಕಟ್ಟಡದಲ್ಲಿ ಸಾಫ್ಟನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಇದೆ. ಪಂಪ್ ರೂಮಿಗೆ ಹೋಗಿ ನೋಡಿ, ಉಪ್ಪಿನ ಚೀಲ ಇಟ್ಟಿರುತ್ತಾರೆ.

ಸಾಫ್ಟನರ್ ಉಪ್ಪನ್ನು ತೆಗೆಯುವುದಿಲ್ಲ, ಅದಲು ಬದಲು ಮಾಡುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 400 ಇದ್ದರೆ ಲೆಕ್ಕ ಹಾಕಿ, 180ರ ಮೇಲೆ ಹೋಗುತ್ತದೆ. ಟಿಡಿಎಸ್ ಪೆನ್ನಿಗೆ ಇದು ಗೊತ್ತೇ ಆಗುವುದಿಲ್ಲ. ಒಟ್ಟು ಉಪ್ಪು ಎಷ್ಟು ಅಂತ ಅದು ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ. ಸಾಫ್ಟನರ್‌ನ ಹಿಂದೆಯೂ ಮುಂದೆಯೂ ನಂಬರ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಮೆಣಸು ಉಪ್ಪಿಗೆ ಬೇಗ ಸೋಲುವ ಬೆಳೆ. ಅದರಲ್ಲೂ ಎಳೆ ಬೇರು. ಬೇರಿನ ತುದಿ ಬೆಳೆಯಲು ಕ್ಯಾಲ್ಸಿಯಂ ಬೇಕು, ಅದೇ ಈ ನೀರಲ್ಲಿ ಇಲ್ಲ. ಮೊಳಕೆ ಬರುವಾಗ ತೊಂದರೆ ಕಾಣುವುದಿಲ್ಲ. ಬೇರು ಹೊರಗಿನಿಂದ ಎಳೆದುಕೊಳ್ಳಲು ಶುರು ಮಾಡಿದ ಮೇಲೆ ಎಲೆ ತುದಿ ಸುಡುತ್ತದೆ. ನೀವು ಹೇಳಿದ್ದು ಅದೇ.

ಬಾಲ್ಕನಿ ಮೆಣಸು (ಬೆಂಗಳೂರು)

ಪಂಪ್ ರೂಮಿಗೆ ಹೋಗಿ ಬಂದೆ. ಎರಡು ದೊಡ್ಡ ಟ್ಯಾಂಕ್, ಪಕ್ಕದಲ್ಲಿ ಉಪ್ಪಿನ ಚೀಲಗಳು ಒಂದರ ಮೇಲೊಂದು. ಪ್ಲಂಬರ್ ಹೇಳಿದರು, ಕೆಳಗಿನ ತೋಟಕ್ಕೆ ಹೋಗುವುದು ಈ ಲೈನ್ ಅಲ್ಲವೇ ಅಲ್ಲವಂತೆ. ಅದಕ್ಕೆ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಶುದ್ಧ ಮಾಡಿದ ನೀರು, ಕಡಿಮೆ ಬಿದ್ದಾಗ ನೇರ ಬೋರ್ ನೀರು ಸೇರಿಸುತ್ತಾರೆ.

ಆದರೆ ಕೋಕೋಪೀಟ್ ಮೂರು ಸಲ ತೊಳೆದಿದ್ದೇನಲ್ಲ? ನೀರು ತಿಳಿಯಾಗುವ ತನಕ?

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ಯಾವ ನಲ್ಲಿಯಲ್ಲಿ ತೊಳೆದಿರಿ? ಅದೇ ನಲ್ಲಿ ತಾನೇ? ಕೋಕೋಪೀಟ್ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ನೀರಲ್ಲಿ ತೊಳೆದಷ್ಟೂ ಸೋಡಿಯಂ ತುಂಬಿಸಿದ ಹಾಗೆ. ನೀರು ತಿಳಿಯಾದರೆ ನಾರಿನ ಕಂದು ಬಣ್ಣ ಹೋಯಿತು ಅಂತ ಮಾತ್ರ. ಉಪ್ಪಿಗೆ ಬಣ್ಣ ಇಲ್ಲ.

ಹೀಗೆ ಮಾಡಿ. ಹೊಸ ಕೋಕೋಪೀಟ್ ಇಟ್ಟಿಗೆ ತೆಗೆದುಕೊಳ್ಳಿ. ಕಾವೇರಿ ನೀರು ಸಿಕ್ಕರೆ ಅದರಲ್ಲಿ ನೆನೆಸಿ, ಸ್ವಲ್ಪ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ರಾತ್ರಿ ಬಿಡಿ. ಕ್ಯಾಲ್ಸಿಯಂ ಹೋಗಿ ಸೋಡಿಯಂ, ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ. ಬೆಳಿಗ್ಗೆ ಹಿಂಡಿ, ಮತ್ತೆ ಅದೇ ಕಾವೇರಿ ನೀರಲ್ಲಿ ಜಾಲಿಸಿ. ಕೊನೆಗೆ ಹಿಂಡಿದ ನೀರಿಗೆ ಪೆನ್ ಅದ್ದಿ. ನೀವು ತೊಳೆಯಲು ಬಳಸಿದ ನೀರಿನ ನಂಬರಿನ ಹತ್ತಿರ ಬಂದರೆ ಬಿತ್ತಿ. ಹಳೆ ಟ್ರೇಯದ್ದೂ ಹಿಂಡಿ ನೋಡಿ, ಎಷ್ಟಿದೆ ಹೇಳಿ.

ತಾರಸಿ ತೋಟ ತುಮಕೂರು

ಸಾಫ್ಟನರ್ ನೀರಲ್ಲಿ ಬೆಂಗಳೂರಿನ ಎಷ್ಟೋ ಜನ ಬಾಲ್ಕನಿ ಗಿಡ ಬೆಳೆಸುತ್ತಿದ್ದಾರೆ. ಅವೆಲ್ಲ ಸತ್ತಿವೆಯಾ? ನನಗೆ ಇನ್ನೂ ನೀರು ಜಾಸ್ತಿ ಆಗಿದೆ ಅಂತಲೇ ಅನಿಸುತ್ತದೆ.

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ದೊಡ್ಡ ಕುಂಡದಲ್ಲಿ ಮಣ್ಣು ಇರುತ್ತದೆ, ಮಳೆ ಬೀಳುತ್ತದೆ, ಉಪ್ಪು ಕೆಳಗೆ ತೊಳೆದು ಹೋಗುತ್ತದೆ. ಮನೆಯೊಳಗಿನ ಟ್ರೇಗೆ ಮಳೆ ಇಲ್ಲ. ಹಬೆ ಆದದ್ದು ನೀರು ಮಾತ್ರ, ಉಪ್ಪು ಗುಣಿಯಲ್ಲೇ ಉಳಿಯುತ್ತದೆ. ನೀವು ಹೇಳಿದ ಹಾಗೆ ನೀರು ಕಡಿಮೆ ಮಾಡಿದರೆ ಉಪ್ಪು ಇನ್ನೂ ಗಟ್ಟಿಯಾಗುತ್ತದೆ ಸರ್.

ಬಾಲ್ಕನಿ ಮೆಣಸು (ಬೆಂಗಳೂರು)

ಹಳೆ ಟ್ರೇ ಹಿಂಡಿದ ನೀರು 1,480! ಕುಡಿಯುವ ನೀರಿನ ಪ್ಯೂರಿಫೈಯರ್‌ನ ನೀರು 60. ಅದನ್ನೇ ಬಳಸಲಾ? ಇಲ್ಲಿ ಕಾವೇರಿ ಲೈನ್ ಇಲ್ಲ.

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ಬಳಸಿ. ಆದರೆ ಅದರಲ್ಲಿ ಕ್ಯಾಲ್ಸಿಯಂ ಕೂಡ ಇರುವುದಿಲ್ಲ, ಹಾಗಾಗಿ ನೆನೆಸುವಾಗ ಕ್ಯಾಲ್ಸಿಯಂ ನೈಟ್ರೇಟ್ ತಪ್ಪಿಸಬೇಡಿ. ಫಿಲ್ಟರ್ ಬೇಡವೆಂದು ಹೊರಗೆ ಬಿಡುವ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ, ಎಲ್ಲಾ ಉಪ್ಪು ಅದರಲ್ಲೇ ಇರುತ್ತದೆ. ಅರ್ಧ ಟ್ರೇಗೆ ನಲ್ಲಿಯ ನೀರು, ಇನ್ನರ್ಧಕ್ಕೆ ಈ ನೀರು, ಬೇರೆ ಏನೂ ಬದಲಿಸಬೇಡಿ. ಆಗ ತುಮಕೂರು ಸರ್‌ಗೂ ನನಗೂ ಇಬ್ಬರಿಗೂ ಉತ್ತರ ಸಿಗುತ್ತದೆ.

ಮಲೆನಾಡ ಹಿತ್ತಲು

ಭೂತ್ ಜೊಲೋಕಿಯಾ ವಿಷಯ ಎಲ್ಲರೂ ಮರೆತಿರಿ. ಅದು ನಮ್ಮ ಬ್ಯಾಡಗಿಯ ಜಾತಿಯೇ ಅಲ್ಲ, ನಿಧಾನ. ಎರಡು ವಾರದಿಂದ ನಾಲ್ಕು ವಾರ ಕಾಯಬೇಕು. 25ರಿಂದ 30 ಡಿಗ್ರಿ ಬಿಸಿ ಬೇಕು. ಈ ಧನುರ್ಮಾಸದ ಚಳಿಯಲ್ಲಿ ಬೆಂಗಳೂರಿನ ರಾತ್ರಿ ಅದಕ್ಕೆ ಸಾಲದು. ಒದ್ದೆ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಹಾಕಿ ವೈಫೈ ರೌಟರ್ ಮೇಲೆ ಇಡಿ. ಮೊದಲು ಥರ್ಮಾಮೀಟರ್ ಇಟ್ಟು ನೋಡಿ, 35 ದಾಟಿದರೆ ಕೆಳಗೆ ಮಡಚಿದ ಬಟ್ಟೆ ಇಡಿ. ಬಿಳಿ ಬೇರು ಇಣುಕಿದ ತಕ್ಷಣ ಅರ್ಧ ಸೆಂಟಿಮೀಟರ್ ಆಳಕ್ಕೆ ಕೂರಿಸಿ. ತಡ ಮಾಡಿದರೆ ಬೇರು ಟಿಶ್ಯೂಗೆ ಅಂಟಿಕೊಂಡು ತುಂಡಾಗುತ್ತದೆ.

ಕೆಂಪುಮಣ್ಣು (ಚಿತ್ರದುರ್ಗ)

ಅಮಾವಾಸ್ಯೆಯ ಹಿಂದೆ ಮುಂದೆ ಬಿತ್ತಬಾರದು. ಹುಣ್ಣಿಮೆಗೆ ಎರಡು ದಿನ ಮುಂಚೆ ಬಿತ್ತಿ ನೋಡಿ.

ರ್‍ಯಾಕ್ ಮತ್ತು ಬೆಳಕು (ಶಿವಮೊಗ್ಗ)

ರೂಮಿನೊಳಗೆ ಟ್ಯೂಬ್‌ಲೈಟ್ ಕೆಳಗೆ ಹುಣ್ಣಿಮೆ ಎಲ್ಲಿಂದ ಬರಬೇಕು ಅಣ್ಣ? ಬಿಸಿ ಇದ್ದರೆ ಮೊಳೆಯುತ್ತದೆ.

ಕೆಂಪುಮಣ್ಣು (ಚಿತ್ರದುರ್ಗ)

ನಮ್ಮ ಊರಲ್ಲಿ ತಲೆಮಾರಿನಿಂದ ಹಾಗೇ ಬಿತ್ತುತ್ತಾರೆ. ನಂಬಿಕೆ ಇಲ್ಲದಿದ್ದರೆ ಬಿಡಿ, ಹೀಗೆ ಮಾತಾಡುವುದು ಬೇಡ.

ಬಾಲ್ಕನಿ ಮೆಣಸು (ಬೆಂಗಳೂರು)

ಫೋಟೋ ಹಾಕಿದ್ದೇನೆ, ನೋಡಿ. ಎಡಗಡೆ ನಲ್ಲಿ ನೀರು, ಬಲಗಡೆ ಫಿಲ್ಟರ್ ನೀರು. ಕೋಕೋಪೀಟ್, ಬೀಜ, ಟ್ಯೂಬ್ ಎಲ್ಲಾ ಒಂದೇ. ಎಡಗಡೆ ಬೀಜದೆಲೆಯ ತುದಿ ಆಗಲೇ ಕಂದು. ಬಲಗಡೆ ಬ್ಯಾಡಗಿಯಲ್ಲಿ ಮೊದಲ ಜೋಡಿ ನಿಜವಾದ ಎಲೆ ಬಂದಿದೆ, ನಡುನರ ಕಾಣುವಷ್ಟು. ಒಂದನ್ನು ಎತ್ತಿ ಬೇರು ನೋಡಿದೆ, ಉಂಡೆಯ ಸುತ್ತ ಬಿಳಿ ಎಳೆ. ಒಂದು ಸಸಿಗೆ ಬೀಜದ ಸಿಪ್ಪೆ ಎಲೆಗೆ ಕಚ್ಚಿಕೊಂಡಿತ್ತು, ನೀರು ಸಿಂಪಡಿಸಿ ಒಂದು ಗಂಟೆ ಬಿಟ್ಟ ಮೇಲೆ ತಾನಾಗೇ ಬಿಚ್ಚಿತು.

ಜೊಲೋಕಿಯಾ ಇನ್ನೂ ರೌಟರ್ ಮೇಲಿದೆ. ಎರಡು ಬೀಜ ಬಾಯಿ ಬಿಟ್ಟಿವೆ.

ತಾರಸಿ ತೋಟ ತುಮಕೂರು

ಫೋಟೋ ಸ್ಪಷ್ಟವಾಗಿದೆ. ಬಲಗಡೆ ಸಸಿ ಚೆನ್ನಾಗಿದೆ. ಆದರೂ ಆ ಮುಚ್ಚಳ ತೆಗೆದು ಫ್ಯಾನ್ ಹಾಕಿ, ಈ ಹಂತದಲ್ಲಿ ಗಾಳಿ ಬೇಕೇ ಬೇಕು.

ನರ್ಸರಿ ಕೆಲಸ (ಚಿಕ್ಕಬಳ್ಳಾಪುರ)

ಗಾಳಿಯ ವಿಷಯ ಸರ್ ಹೇಳಿದ್ದು ಸರಿ. ಇನ್ನು ಲೀಟರಿಗೆ ಅರ್ಧ ಗ್ರಾಂ 19:19:19, ವಾರಕ್ಕೊಮ್ಮೆ. ಎಡಗಡೆಯ ಸಸಿಗಳನ್ನು ಬಿಸಾಡಬೇಡಿ, ಫಿಲ್ಟರ್ ನೀರನ್ನು ಕೆಳಗಿನಿಂದ ಹರಿದು ಹೋಗುವಷ್ಟು ಹುಯ್ದು ತೊಳೆಯಿರಿ. ನಡುಮೊಗ್ಗು ಹಸಿರಾಗಿರುವುದು ಉಳಿಯುತ್ತದೆ. ದೊಡ್ಡ ಕುಂಡಕ್ಕೆ ಹಾಕುವ ಹೊತ್ತಿಗೆ ಫಿಲ್ಟರ್ ನೀರು ಸಾಲುವುದಿಲ್ಲ. ಸಾಫ್ಟನರ್‌ಗೆ ಮುಂಚೆ ಒಂದು ನಲ್ಲಿ ಕೊಡಿಸಲು ಅಸೋಸಿಯೇಷನ್‌ನಲ್ಲಿ ಕೇಳಿ. ಗಡಸು ನೀರು ಮೆಣಸಿಗೆ ಸಾಫ್ಟನರ್ ನೀರಿಗಿಂತ ಎಷ್ಟೋ ವಾಸಿ.

ಹೊಸ ಸದಸ್ಯ (ವೈಟ್‌ಫೀಲ್ಡ್)

ನಮ್ಮದೂ ಸಾಫ್ಟನರ್ ನೀರು. ಕುಂಡದ ನಿಂಬೆ ಗಿಡದ ಎಲೆ ತುದಿ ಹೀಗೇ ಸುಡುತ್ತಿದೆ. ಮಣ್ಣೆಲ್ಲ ಬದಲಿಸಬೇಕಾ, ಜಿಪ್ಸಂ ಹಾಕಿದರೆ ಸಾಕಾ? ಯಾರಾದರೂ ಹೇಳಿ.