ಎದುರು ಮನೆಗೆ ‘ಇ’ ಬ್ಯಾಂಡ್, ಅಕ್ಕನ ಮನೆಗೆ ‘ಎಫ್’: ನಮ್ಮನೆ ಗುಂಪಿನಲ್ಲಿ ಒಂದು ಶನಿವಾರ

ಇಂಗ್ಲೆಂಡಿನಲ್ಲಿ ಹೊಸ ಮನೆ ಕೊಳ್ಳುತ್ತಿರುವ ನಮ್ಮವರಿಗೆ ಉಪಯೋಗಕ್ಕೆ ಬರಲಿ ಅಂತ, ಮನೆಯವರನ್ನೆಲ್ಲ ಕೇಳಿಕೊಂಡೇ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಮಾತುಕತೆ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ವಿಷಯ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ. ಪ್ರತಿ ಮನೆಯನ್ನೂ ಎ ಇಂದ ಎಚ್‌ವರೆಗಿನ ಒಂದು ಬ್ಯಾಂಡಿಗೆ ಸೇರಿಸುತ್ತಾರೆ; ಅಕ್ಷರ ಮುಂದೆ ಹೋದಷ್ಟೂ ತೆರಿಗೆ ಹೆಚ್ಚು. ಅಕ್ಕ, ಭಾವ ಏಪ್ರಿಲ್‌ನಲ್ಲಿ ಮಿಲ್ಟನ್ ಕೀನ್ಸ್ ಹತ್ತಿರದ ಒಂದು ಹೊಸ ಬಡಾವಣೆಗೆ ಬಂದರು. ದೊಡ್ಡಮ್ಮನ ಮಗ ಗಿರೀಶಣ್ಣ ಅದೇ ರಸ್ತೆಯ ಎದುರು ಸಾಲಿನಲ್ಲಿ ಎರಡು ವರ್ಷದಿಂದ ಇದ್ದಾನೆ; ವೀಣಾ ಅವನ ಹೆಂಡತಿ. ನಾನಿರುವುದು ರೆಡಿಂಗ್‌ನಲ್ಲಿ.

18 ಅಕ್ಟೋಬರ್ 2025, ಶನಿವಾರ

ಅಕ್ಕ, 9:04
ಫೋಟೋ: ಕೌನ್ಸಿಲ್ ಟ್ಯಾಕ್ಸ್ ಬಿಲ್
ಅಂತೂ ಬಿಲ್ ಬಂತು. ಏಪ್ರಿಲ್ 28ರಿಂದ ಸೇರಿಸಿ ಒಟ್ಟಿಗೇ ಕೇಳಿದ್ದಾರೆ. ನಮ್ಮದು ಎಫ್ ಬ್ಯಾಂಡ್ ಅಂತೆ. ಗಿರೀಶಣ್ಣ, ನಿಮ್ಮನೇದು ಯಾವುದು?

ಗಿರೀಶಣ್ಣ, 9:11
ನಮ್ಮದು ಇ.

ಅಕ್ಕ, 9:12
ಎರಡೂ ಒಂದೇ ಥರದ ಮನೆ ಅಲ್ವಾ? ನಿಮ್ಮದಕ್ಕೆ ಬಾಗಿಲು ಬಲಗಡೆ, ನಮ್ಮದಕ್ಕೆ ಎಡಗಡೆ. ಅಷ್ಟೇ ತಾನೆ?

ಭಾವ, 9:15
ಇದು ಆಫೀಸಿನವರೊಬ್ಬರು ಕಳಿಸಿದ್ದು, ನೋಡಿ:
“ನಿಮ್ಮ ಬ್ಯಾಂಡ್ ತಪ್ಪಾಗಿದೆಯೇ? ಸಾವಿರಾರು ಪೌಂಡ್ ವಾಪಸ್ ಪಡೆಯಿರಿ. ಗೆದ್ದರೆ ಮಾತ್ರ ಫೀಸು.”
ಬಂದ ಹಣದಲ್ಲಿ ಅವರಿಗೊಂದು ಪಾಲು. ಅವರ ಕೈಗೇ ಕೊಟ್ಟುಬಿಡೋಣ ಅಂತಿದ್ದೀನಿ. ನಮಗೆ ಇದರ ಹಿಂದೆ ಬೀಳೋಕೆ ಪುರುಸೊತ್ತೆಲ್ಲಿದೆ?

ನಾನು, 9:22
ಭಾವ, ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ. ಬ್ಯಾಂಡ್ ಪ್ರಶ್ನಿಸೋಕೆ ಒಂದು ಪೆನ್ನಿಯೂ ಖರ್ಚಿಲ್ಲ. ಬ್ಯಾಂಡ್ ಹಾಕೋದು ಕೌನ್ಸಿಲ್ ಅಲ್ಲ, ವ್ಯಾಲ್ಯುಯೇಷನ್ ಆಫೀಸ್ ಏಜೆನ್ಸಿ, ವಿಓಎ ಅಂತಾರಲ್ಲ, ಅದು. ಕೌನ್ಸಿಲ್ ದುಡ್ಡು ವಸೂಲಿ ಮಾಡುತ್ತೆ ಅಷ್ಟೇ. ಅರ್ಜಿ ಸರಕಾರದ ವೆಬ್‌ಸೈಟಿನಲ್ಲೇ ಇದೆ, ನೀವೇ ಹಾಕಬಹುದು. ಅರ್ಧ ದಿನದ ಕೆಲಸಕ್ಕೆ ಪಾಲು ಯಾಕೆ ಕೊಡ್ತೀರಿ?

ಗಿರೀಶಣ್ಣ, 9:26
ಒಂದ್ನಿಮಿಷ. ಪ್ರಶ್ನಿಸೋದೇ ಬೇಕಾ ಅಂತ ಮೊದಲು ಯೋಚನೆ ಮಾಡಿ. ಇರಲಾರದೆ ಇರುವೆ ಬಿಟ್ಕೊಂಡಂಗೆ ಆಗುತ್ತೆ. ಬ್ಯಾಂಡ್ ಇಳಿಯೋ ಬದಲು ಏರಲೂಬಹುದು ಅಂತ ಅವರೇ ಹೇಳ್ತಾರೆ. ನಿಮ್ಮದು ಮಾತ್ರ ಅಲ್ಲ, ಅಕ್ಕಪಕ್ಕದವರದ್ದೂ.

ಅಕ್ಕ, 9:27
ಅಕ್ಕಪಕ್ಕ ಅಂದ್ರೆ ನಿನ್ನದು ತಾನೆ ಅಣ್ಣ?

ಗಿರೀಶಣ್ಣ, 9:29
ಹೌದು ಕಣಮ್ಮ, ನನ್ನದೇ. ಮುಚ್ಚಿಡೋದೇನಿದೆ? ವೀಣಾ ಕೆಲಸಕ್ಕೆ ಹೋಗದೆ ಎಂಟು ತಿಂಗಳಾಯ್ತು. ರಸ್ತೆ ಇನ್ನೂ ಕೌನ್ಸಿಲ್ ವಶಕ್ಕೆ ಹೋಗಿಲ್ಲ ಅಂತ ಬಡಾವಣೆ ನಿರ್ವಹಣೆಗೆ ಬೇರೆ ಪ್ರತಿ ವರ್ಷ ಕಟ್ತಿದ್ದೀವಿ. ಇದರ ಮೇಲೆ ಬ್ಯಾಂಡೂ ಏರಿದರೆ ನಾನು ಎಲ್ಲಿಂದ ತರಲಿ?

ಚಿಕ್ಕಪ್ಪ ಮೈಸೂರು, 9:34
ಇ, ಎಫ್ ಅಂದರೆ ಎಷ್ಟು ವ್ಯತ್ಯಾಸ ಆಗುತ್ತಪ್ಪ? ಅದನ್ನು ಹೇಳಿ ಆಮೇಲೆ ಜಗಳ ಆಡಿ.

ನಾನು, 9:41
ಚಿಕ್ಕಪ್ಪ, ಇಲ್ಲಿ ಎಲ್ಲಕ್ಕೂ ಡಿ ಬ್ಯಾಂಡೇ ಅಳತೆಗೋಲು. ಡಿ ಕಟ್ಟೋದನ್ನ ಒಂಬತ್ತು ಪಾಲು ಮಾಡಿದರೆ ಎ ಬ್ಯಾಂಡಿನವರು ಆರು ಪಾಲು ಕಟ್ತಾರೆ, ಇ ಹನ್ನೊಂದು, ಎಫ್ ಹದಿಮೂರು, ಕೊನೇ ಎಚ್ ಹದಿನೆಂಟು. 2025-26ಕ್ಕೆ ಇಂಗ್ಲೆಂಡಿನ ಸರಾಸರಿ ಡಿ ಬ್ಯಾಂಡ್ 2,280 ಪೌಂಡ್. ಆ ಲೆಕ್ಕದಲ್ಲಿ ಇ ಸುಮಾರು 2,787, ಎಫ್ 3,293. ವರ್ಷಕ್ಕೆ 500 ಪೌಂಡ್ ದಾಟುತ್ತೆ. ಅದೂ ಒಂದು ಸಲದ್ದಲ್ಲ, ಆ ಮನೇಲಿ ಇರೋವಷ್ಟು ವರ್ಷ.

ಚಿಕ್ಕಪ್ಪ ಮೈಸೂರು, 9:44
ಬ್ಯಾಂಡ್ ಯಾವ ಆಧಾರದ ಮೇಲೆ? ಕೊಂಡ ಬೆಲೆಯೇ?

ಭಾವ, 9:45
ಅದನ್ನೇ ನಾನು ಹೇಳೋಕೆ ಹೊರಟಿದ್ದು. 5,60,000 ಕೊಟ್ಟಿದ್ದೀವಿ. ಗಿರೀಶ್ ಅವರು ಎರಡು ವರ್ಷದ ಹಿಂದೆ ಕಡಿಮೆಗೆ ತಗೊಂಡ್ರು. ಅದಕ್ಕೇ ನಮಗೆ ಎಫ್ ಬಂದಿರಬೇಕು.

ನಾನು, 9:52
ಅಲ್ಲ ಭಾವ. ನೀವು ಎಷ್ಟು ಕೊಟ್ಟಿರಿ ಅನ್ನೋದರ ಮೇಲೆ ಬ್ಯಾಂಡ್ ನಿಲ್ಲೋದಿಲ್ಲ. 1991ರ ಏಪ್ರಿಲ್ 1ರಂದು ಈ ಮನೆ ಮಾರಿದ್ದರೆ ಎಷ್ಟಕ್ಕೆ ಹೋಗ್ತಿತ್ತು ಅನ್ನೋದೇ ಆಧಾರ. 88,000 ದಾಟಿ 1,20,000ದವರೆಗೆ ಇ, ಅಲ್ಲಿಂದ 1,60,000ದವರೆಗೆ ಎಫ್.

ಚಿಕ್ಕಪ್ಪ ಮೈಸೂರು, 9:54
1991ರಲ್ಲಿ ಅಲ್ಲಿ ಮನೆಯೇ ಇರಲಿಲ್ಲವಲ್ಲೋ. ಹೊಲ ಇತ್ತು ಅಂತ ಗಿರೀಶನೇ ಹೇಳಿದ್ದ.

ನಾನು, 10:01
ಇರಲಿಲ್ಲ ಚಿಕ್ಕಪ್ಪ. ಇದ್ದಿದ್ದರೆ ಅಂತ ಊಹಿಸಿ ಬೆಲೆ ಕಟ್ತಾರೆ. 1990ರಲ್ಲಿ ಇಲ್ಲಿ ತಲೆಗಿಷ್ಟು ಅಂತ ಪೋಲ್ ಟ್ಯಾಕ್ಸ್ ತಂದರು, ಜನ ಬೀದಿಗಿಳಿದರು. ಅದನ್ನು ತೆಗೆದು 1993ರ ಏಪ್ರಿಲ್‌ನಲ್ಲಿ ಈ ತೆರಿಗೆ ಶುರು ಮಾಡಿದರು. ಲಕ್ಷಗಟ್ಟಲೆ ಮನೆಗೆ ಅವಸರದಲ್ಲಿ ಬೆಲೆ ಕಟ್ಟಬೇಕಿತ್ತು, ಎಷ್ಟೋ ಮನೆಗಳನ್ನ ಕಾರಿನಲ್ಲಿ ಕೂತು ಹೊರಗಿನಿಂದಲೇ ನೋಡಿ ಹೋದರು. ಇಂಗ್ಲೆಂಡಿನಲ್ಲಿ ಆಮೇಲೆ ಒಂದು ಸಲವೂ ಹೊಸದಾಗಿ ಬೆಲೆ ಕಟ್ಟಿಲ್ಲ. 34 ವರ್ಷ ಆಯ್ತು.

ರಮ್ಯಾ ಕಾರ್ಡಿಫ್, 10:03
ವೇಲ್ಸ್‌ನಲ್ಲಿ ಕಟ್ಟಿದ್ದಾರೆ. ನಮಗೆ 2003ರ ಬೆಲೆ ಲೆಕ್ಕ, ಐ ಅಂತ ಇನ್ನೊಂದು ಬ್ಯಾಂಡೂ ಇದೆ.

ಚಿಕ್ಕಪ್ಪ ಮೈಸೂರು, 10:05
ನಮ್ಮಲ್ಲಿ ಮನೆ ಕಂದಾಯಕ್ಕೆ ನಾವೇ ಅಳತೆ ಬರೆದು, ನಾವೇ ಲೆಕ್ಕ ಹಾಕಿ ಕಟ್ತೀವಿ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ. ಅಳತೆ ತಪ್ಪಿದರೆ ಎಲ್ಲ ತಪ್ಪುತ್ತೆ. ಸುಧಾ, ನಿಮ್ಮ ಮನೆ ಅಳತೆ ಯಾರು ಮಾಡಿದ್ದು?

ಅಕ್ಕ, 10:06
ಯಾರೂ ಬಂದಿಲ್ಲ ಚಿಕ್ಕಪ್ಪ.

ನಾನು, 10:10
ಹೊಸ ಬಡಾವಣೆಗಳಲ್ಲಿ ಪ್ಲಾನ್ ನೋಡಿಯೇ ಬ್ಯಾಂಡ್ ಹಾಕೋದುಂಟು. ಚಿಕ್ಕಪ್ಪ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಅಕ್ಕ, ಕೌನ್ಸಿಲ್ ವೆಬ್‌ಸೈಟಿನ ಪ್ಲಾನಿಂಗ್ ವಿಭಾಗದಲ್ಲಿ ನಿಮ್ಮ ಪ್ಲಾಟ್ ನಂಬರ್ ಹಾಕಿ ನಕ್ಷೆ ತೆಗಿ.

ಗಿರೀಶಣ್ಣ, 10:13
ಅಂದ್ರೆ ಮಾಡೇ ಮಾಡ್ತೀರಿ ಅಂತಾಯ್ತು. ಈ ಬಡಾವಣೆಗೆ ಬನ್ನಿ ಅಂತ ಕರ್ಕೊಂಡು ಬಂದವನು ನಾನು. ಈಗ ಅರ್ಜಿಯಲ್ಲಿ ನನ್ನ ಮನೆ ನಂಬರನ್ನೇ ಬರೆದು ಕೊಡ್ತೀರಿ.

ಅಕ್ಕ, 10:15
ನಾನು ಹೆಚ್ಚು ಕಟ್ಟಿಕೊಂಡು ಸುಮ್ನಿದ್ದರೆ ನೀನು ನೆಮ್ಮದಿಯಾಗಿರ್ತೀಯ, ಅಲ್ವಾ ಅಣ್ಣ?

ಗಿರೀಶಣ್ಣ, 10:15
ಹಾಗಂತ ನಾನು ಅಂದ್ನಾ?

ಅಮ್ಮ, 10:17
ಹಬ್ಬ ಎದುರಿಗಿದೆ. ಸೋಮವಾರ ಎಲ್ಲರೂ ಗಿರೀಶನ ಮನೇಲಿ ಊಟಕ್ಕೆ ಸೇರ್ತೀರಿ ಅಂದುಕೊಂಡಿದ್ದೆ. ತೆರಿಗೆ ವಿಷಯಕ್ಕೆ ಮುಖ ತಿರುಗಿಸಬೇಡಿ ಮಕ್ಕಳೇ.

ನಾನು, 10:31
ಅಣ್ಣ, ನಾನು ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ ನಾನು ಒಂದು ಸಲ ಸೋತಿದ್ದೀನಿ. ಮೂರು ವರ್ಷದ ಹಿಂದೆ ನನ್ನ ಮನೆ ಬ್ಯಾಂಡ್ ಪ್ರಶ್ನಿಸಿದೆ. ಕೊಂಡ ಬೆಲೆ ತಗೊಂಡು, ಮನೆ ಬೆಲೆ ಸೂಚ್ಯಂಕ ಹಾಕಿ 1991ಕ್ಕೆ ಇಳಿಸಿ, ಹನ್ನೆರಡು ಪುಟ ಲೆಕ್ಕ ಬರೆದು ಕಳಿಸಿದೆ. ನಿಲ್ಲಲಿಲ್ಲ. ಸೂಚ್ಯಂಕ ಅನ್ನೋದು ಇಡೀ ಪ್ರದೇಶದ ಸರಾಸರಿ, ನನ್ನ ಮನೆ ಬಗ್ಗೆ ಅದು ಏನೂ ಹೇಳೋದಿಲ್ಲ. ಕೇಳೋದು ಎರಡೇ: ಅದೇ ಥರದ, ಅದೇ ಅಳತೆಯ, ಅದೇ ಕಾಲದ ಮನೆಗಳು ಹತ್ತಿರದಲ್ಲಿ ಕಡಿಮೆ ಬ್ಯಾಂಡಿನಲ್ಲಿವೆಯಾ? ಇಲ್ಲದಿದ್ದರೆ, ಅಂಥ ಮನೆ 1989ರ ಏಪ್ರಿಲ್‌ನಿಂದ 1993ರ ಮಾರ್ಚ್‌ ನಡುವೆ ಎಷ್ಟಕ್ಕೆ ಮಾರಾಟ ಆಗಿತ್ತು? ಇದು ನನಗೆ ಅರ್ಥ ಆಗೋ ಹೊತ್ತಿಗೆ ಆರು ತಿಂಗಳು ಕಳೆದಿತ್ತು.

ಭಾವ, 10:33
ಆರು ತಿಂಗಳು ಅಂದ್ರೆ?

ನಾನು, 10:38
ತೆರಿಗೆದಾರರಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಿದರೆ ಅದು ಹಕ್ಕಿನ ಅರ್ಜಿ. ಒಪ್ಪದಿದ್ದರೆ ಮೂರು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದು, ಅಲ್ಲೂ ಶುಲ್ಕ ಇಲ್ಲ. ಅವಧಿ ಮುಗಿದ ಮೇಲೆ ‘ಒಂದು ಸಲ ಪರಿಶೀಲಿಸಿ’ ಅಂತ ಕೇಳಬಹುದು, ಆದರೆ ಇಲ್ಲ ಅಂದರೆ ಟ್ರಿಬ್ಯುನಲ್ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತೆ. ನಿಮಗೆ ಕೀ ಸಿಕ್ಕಿದ್ದು ಏಪ್ರಿಲ್ 28. ಅಲ್ಲಿಂದಲೇ ಎಣಿಸೋಣ. ಇನ್ನು ಹತ್ತೇ ದಿನ ಇದೆ.

ಅಕ್ಕ, 11:20
ಫೋಟೋ: ನಕ್ಷೆ
ಇದು ನೋಡು. ನಮ್ಮ ಪ್ಲಾಟಿನ ಮೊದಲನೇ ನಕ್ಷೆಯಲ್ಲಿ ಅಡುಗೆಮನೆ ಹಿಂದೆ ಇನ್ನೊಂದು ಕೋಣೆ ಇದೆ, ತೋಟದ ಕಡೆಗೆ ಚಾಚಿಕೊಂಡು. ನಮ್ಮನೇಲಿ ಅಂಥ ಕೋಣೆಯೇ ಇಲ್ಲ! ಬುಕ್ ಮಾಡುವಾಗಲೇ ಬಿಲ್ಡರ್ ಅದನ್ನು ಕೈಬಿಟ್ಟಿದ್ದ.

ನಾನು, 11:24
ತಿದ್ದಿದ ನಕ್ಷೆ ಇದೆಯಾ?

ಅಕ್ಕ, 11:31
ಇದೆ, ಕೆಳಗೆ. ಅದರಲ್ಲಿ ಕೋಣೆ ಇಲ್ಲ. ಎರಡೂ ಒಂದೇ ಕಡತದಲ್ಲಿವೆ. ಬಿಲ್ಡರ್ ಯಾವುದನ್ನ ಕೊಟ್ಟನೋ.

ಭಾವ, 11:33
ಎನರ್ಜಿ ಸರ್ಟಿಫಿಕೇಟ್ ನೋಡಿದೆ. ಸರಕಾರದ ಸೈಟಿನಲ್ಲಿ ಎಲ್ಲರ ಮನೇದೂ ಸಿಗುತ್ತೆ. ನಮ್ಮದು 121 ಚದರ ಮೀಟರ್, ಗಿರೀಶ್ ಅವರದ್ದೂ 121.

ಚಿಕ್ಕಪ್ಪ ಮೈಸೂರು, 11:35
ಆ ಸರ್ಟಿಫಿಕೇಟಿಗೆ ಮಾತ್ರ ಯಾರು ಟೇಪು ಹಿಡಿದಿದ್ದರು?

ನಾನು, 11:37
ಸರಿಯಾದ ಪ್ರಶ್ನೆ. ಹೊಸ ಮನೆಗಳದ್ದು ಅದೂ ನಕ್ಷೆಯಿಂದಲೇ ಲೆಕ್ಕ ಹಾಕಿದ್ದು. ಅದನ್ನೂ ಇಡಿ, ಜೊತೆಗೆ ನೀವೇ ಅಳೆದು ಬರೆಯಿರಿ. ಫ್ಲ್ಯಾಟ್ ಆದರೆ ಒಳಗಿನ ಅಳತೆ, ಮನೆ ಆದರೆ ಹೊರಗೋಡೆಯಿಂದ ಹೊರಗೋಡೆಗೆ.

ನಾನು, 11:46
ಗಿರೀಶಣ್ಣ, ಒಂದು ಮಾತು, ಬೇಜಾರು ಮಾಡ್ಕೋಬೇಡ. ನಿನ್ನ ನಂಬರ್ ಬರೆಯದೆ ಬಿಟ್ಟರೂ ಅವರು ಇಡೀ ರಸ್ತೆ ನೋಡೇ ನೋಡ್ತಾರೆ. ನಿನ್ನನ್ನ ಕಾಪಾಡೋದು ಅಕ್ಕನ ಮೌನ ಅಲ್ಲ, ನಿನ್ನಂಥದೇ ಮನೆಗಳು ಇನ್ನೆಷ್ಟು ಇ ಬ್ಯಾಂಡಿನಲ್ಲಿವೆ ಅನ್ನೋದು. ಹತ್ತು ಮನೆ ಇ ಆಗಿದ್ದು ಒಂದು ಎಫ್ ಆಗಿದ್ದರೆ ಬೇರೆಯಾಗಿ ಕಾಣೋದು ಆ ಒಂದು. ನಿನ್ನದೊಂದೇ ಇ ಆಗಿದ್ದರೆ ಭಯ ಪಡಬೇಕಾದ್ದೇ, ಆಗ ನಾನೂ ಅಕ್ಕನಿಗೆ ತಡಿ ಅಂತೀನಿ. ಅಕಸ್ಮಾತ್ ಏರಿದರೂ ಸಾಮಾನ್ಯವಾಗಿ ತಿದ್ದಿದ ದಿನದಿಂದ ಲೆಕ್ಕ, ಹಿಂದಿನ ಎರಡು ವರ್ಷದ್ದು ಕೇಳೋದಿಲ್ಲ. ಪೋಸ್ಟ್‌ಕೋಡ್ ಹಾಕಿದರೆ ರಸ್ತೆಯ ಎಲ್ಲ ಮನೆಗಳ ಬ್ಯಾಂಡೂ ಬರುತ್ತೆ. ನೀನೇ ನೋಡು.

(ಇದಾದ ಮೇಲೆ ಎರಡು ಗಂಟೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.)

ಗಿರೀಶಣ್ಣ, 1:52
ಪಟ್ಟಿ ಹಿಡ್ಕೊಂಡು ರಸ್ತೆ ಪೂರ್ತಿ ನಡೆದು ಬಂದೆ. ನಮ್ಮ ಥರದ ಮನೆ ಒಟ್ಟು ಎಂಟು. ಏಳು ಇ, ಸುಧಾ ಮನೆ ಒಂದು ಎಫ್. ಇನ್ನೊಂದು ಎಫ್ ಮೂಲೆ ಮನೆ. ಅದಕ್ಕೆ ಹಿಂದೆ ಕೋಣೆ ನಿಜವಾಗ್ಲೂ ಇದೆ, ಬೇಲಿ ಮೇಲಿಂದ ಕಾಣುತ್ತೆ.

ಅಕ್ಕ, 1:53
ಅಂದ್ರೆ ಇಲ್ಲದ ಕೋಣೆಗೆ ನಾವು ತೆರಿಗೆ ಕಟ್ತಿದ್ದೀವಿ.

ಗಿರೀಶಣ್ಣ, 1:55
ಹಾಗೇ ಕಾಣುತ್ತೆ ಕಣಮ್ಮ. ನನ್ನ ಹತ್ರ 30 ಮೀಟರ್ ಟೇಪಿದೆ. ಬರ್ತೀನಿ ಇರು.

ಭಾವ, 3:10
ಫೋಟೋ: ಮಳೆಯಲ್ಲಿ ಅಕ್ಕ ಮುಂದಿನ ಗೋಡೆಗೆ ಟೇಪು ಒತ್ತಿ ಹಿಡಿದಿದ್ದಾಳೆ, ಆ ತುದಿಯಲ್ಲಿ ಕಸದ ಡಬ್ಬಿಗಳ ಸಂದಿಯಲ್ಲಿ ಗಿರೀಶಣ್ಣ, ಹುಡ್ ಹಾಕಿಕೊಂಡು.
ನಮ್ಮ ಮನೆ ಮುಂದಿನಿಂದ ಹಿಂದಕ್ಕೆ 9.1 ಮೀಟರ್, ಅಗಲ 7.4. ಅವರದ್ದೂ ಅಷ್ಟೇ. ಹಳೇ ನಕ್ಷೆಯಲ್ಲಿ ಕೋಣೆ ಸೇರಿ 12.4 ಇದೆ.

ಚಿಕ್ಕಪ್ಪ ಮೈಸೂರು, 3:14
ಟೇಪು ಸಡಿಲ ಬಿಟ್ಟಿಲ್ಲ ತಾನೆ? ಎರಡು ಸಲ ಅಳೆದು ಎರಡನ್ನೂ ಬರೆಯಿರಿ.

ಗಿರೀಶಣ್ಣ, 3:15
ಮೂರು ಸಲ ಅಳೆದಿದ್ದೀವಿ ಚಿಕ್ಕಪ್ಪ. ಚಳಿಗೆ ಬೆರಳು ಮರಗಟ್ಟಿದೆ.

ನಾನು, 3:22
ಇನ್ನು ಏಜೆಂಟ್ ಬೇಕಾ ಭಾವ? ಹೋಲಿಕೆಗೆ ಐದು ಮನೆ ವಿಳಾಸ, ಎರಡು ನಕ್ಷೆ, ಅಳತೆ, ಮೂಲೆ ಮನೆ ವಿಷಯ. ಇಷ್ಟು ಸಾಕು. 5,60,000 ಅನ್ನೋದನ್ನ ಬರೆಯಲೇಬೇಡಿ. ತೀರ್ಮಾನ ಬರೋವರೆಗೂ ಈಗಿನ ಬಿಲ್ ಪ್ರಕಾರ ಕಟ್ತಾ ಇರಿ, ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಗೆದ್ದರೆ ಹೆಚ್ಚು ಕಟ್ಟಿದ್ದು ಏಪ್ರಿಲ್‌ನಿಂದ ಲೆಕ್ಕ ಹಾಕಿ ವಾಪಸ್ ಬರುತ್ತೆ.

ಭಾವ, 3:25
ಆ ಮೆಸೇಜ್ ಅಳಿಸಿದೆ.

ಅಕ್ಕ, 5:40
ಐದು ವಿಳಾಸದಲ್ಲಿ ನಾಲ್ಕು ತುಂಬಿದ್ದೀನಿ. ಐದನೇದಕ್ಕೆ ನಮ್ಮ ಸಾಲಿನ ಕೊನೆಮನೆ ಹಾಕ್ಲಾ?

ಗಿರೀಶಣ್ಣ, 5:48
ಬೇಡ. ನನ್ನದು ಹಾಕು. ನಾವು ಅಳೆದಿರೋದು ಅದನ್ನ ತಾನೆ? ವೀಣಾಗೂ ಹೇಳಿದೆ. ಅವಳಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ಆದ್ರೆ ಹಾಕು ಅಂದಳು.

ಅಕ್ಕ, 6:17
ಕಳಿಸಿದೆ. ಅರ್ಜಿ ತಲುಪಿದೆ ಅಂತ ಮೇಲ್ ಬಂತು.

ಚಿಕ್ಕಪ್ಪ ಮೈಸೂರು, 6:20
ಅದರ ಒಂದು ಪ್ರತಿ ತೆಗೆದಿಟ್ಟುಕೊಂಡ್ಯಾ?

ಅಕ್ಕ, 6:24
ಇಟ್ಕೊಂಡೆ ಚಿಕ್ಕಪ್ಪ. ಗಿರೀಶಣ್ಣ, ನಿನ್ನ ಟೇಪು ನಮ್ಮ ಬಾಗಿಲ ಹತ್ರಾನೇ ಉಳೀತು. ಸೋಮವಾರ ಊಟಕ್ಕೆ ಬರುವಾಗ ತರ್ತೀನಿ.