ಎಐ ಸೀರೆ ಫೋಟೊ ಟ್ರೆಂಡ್: ಅಪ್‌ಲೋಡ್ ಮಾಡೋ ಮುಂಚೆ ಏನೇನು ನೋಡಬೇಕು?

ಕೀಲಿಮಣೆ:
ಗೂಗಲ್‌ನ ಎಐ ಆಪ್ ಜೆಮಿನಿಗೆ ನಮ್ಮ ಫೋಟೊ ಕೊಟ್ಟು, ಸೀರೆ ಉಟ್ಟ ಹಾಗೆ ಇಲ್ಲವೇ ಬೊಂಬೆ ಥರ ಮಾಡಿಸಿಕೊಳ್ಳೋ ಟ್ರೆಂಡುಗಳು 2025ರ ಸೆಪ್ಟೆಂಬರಿನಲ್ಲಿ ಹಬ್ಬಿದವು, ಈಗ ಅಂಥವು ಒಂದರ ಹಿಂದೆ ಒಂದು ಬರ್ತಾನೇ ಇವೆ. "ಮಾಡಲೇಬೇಡಿ" ಅಂದ್ರೆ ಮನೆಯಲ್ಲಿ ಯಾರೂ ಕೇಳಲ್ಲ. ಮಾಡೋದೇ ಆದ್ರೆ ಏನೇನು ನೋಡಿಕೊಳ್ಳಬೇಕು? ಮಕ್ಕಳ ಫೋಟೊ ಹಾಕಬಹುದಾ? ಅಂಗೈ ಕಾಣೋ ಫೋಟೊ ಹಾಕಿದ್ರೆ ಬೆರಳಚ್ಚು ಕದ್ದು ಬ್ಯಾಂಕ್ ಖಾತೆ ಖಾಲಿ ಮಾಡ್ತಾರೆ ಅಂತ ಫಾರ್ವರ್ಡ್ ಓಡಾಡ್ತಿದೆ, ನಿಜವಾ?

ಹಳೇ ಆಂಡ್ರಾಯ್ಡ್:
ಫೋಟೊಗಿಂತ ಮೊದಲು ನೋಡಬೇಕಾದ್ದು ಆಪ್ ಎಲ್ಲಿಂದ ಬಂತು ಅನ್ನೋದು. ಅಸಲಿ ಜೆಮಿನಿ ಪ್ಲೇ ಸ್ಟೋರಿನಲ್ಲಿ "ಗೂಗಲ್ ಎಲ್‌ಎಲ್‌ಸಿ" ಹೆಸರಲ್ಲೇ ಇರುತ್ತೆ, ಬ್ರೌಸರಿನಲ್ಲೂ ನಡೆಯುತ್ತೆ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೇ ನೇರವಾಗಿ ಆಪ್ ಹಾಕೋ ಫೈಲ್) ಬಂದ್ರೆ ಮುಟ್ಟಲೇಬೇಡಿ.

ಫೋಟೊ ಎಡಿಟ್ ಮಾಡೋ ಆಪ್‌ಗೆ ಎಸ್‌ಎಂಎಸ್ ಅನುಮತಿ ಯಾಕೆ ಬೇಕು? ಒಟಿಪಿ ಓದೋಕೆ. ಆಕ್ಸೆಸಿಬಿಲಿಟಿ (ಅಂಗವಿಕಲರಿಗೆ ನೆರವಾಗೋಕೆ ಇರೋ ಅನುಮತಿ) ಕೇಳಿದ್ರೆ ಇನ್ನೂ ಕೆಟ್ಟದ್ದು: ಪರದೆಯ ಮೇಲಿರೋದನ್ನ ಓದುತ್ತೆ, ನಿಮ್ಮ ಪರವಾಗಿ ಬಟನ್ನೂ ಒತ್ತುತ್ತೆ. ಆಂಡ್ರಾಯ್ಡ್ 13ರಿಂದ ಈಚೆಗೆ ಹೊರಗಿನಿಂದ ಬಂದ ಆಪ್‌ಗೆ ಈ ಅನುಮತಿ ಸಲೀಸಾಗಿ ಸಿಗಲ್ಲ. ಅದಕ್ಕೇ "ಮೂರು ಚುಕ್ಕಿ ಒತ್ತಿ, ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್ ಕೊಡಿ" ಅಂತ ವಂಚಕರು ಹೇಳಿಕೊಡ್ತಾರೆ. ಅಷ್ಟು ಕೇಳಿದ್ರೇ ಕಳ್ಳ ಆಪ್ ಅಂದ್ಕೊಳ್ಳಿ. ಪ್ಲೇ ಸ್ಟೋರಿನ "ಡೇಟಾ ಸೇಫ್ಟಿ" ಭಾಗವನ್ನೂ ಪೂರ್ತಿ ನಂಬಬೇಡಿ, ಅದನ್ನ ತುಂಬೋದು ಆಪ್ ಮಾಡಿದವರೇ.

ತುಂಗಾತೀರ:
ಅಸಲಿ ಆಪ್‌ನಲ್ಲೂ ನಿಮ್ಮ ಫೋಟೊ ಅವರ ಸರ್ವರಿಗೆ ಹೋಗೇ ಹೋಗುತ್ತೆ. ಜೆಮಿನಿಯಲ್ಲಿ ಆ್ಯಕ್ಟಿವಿಟಿ (ಚಾಟ್ ಉಳಿಸಿಡೋ ಸೆಟ್ಟಿಂಗ್) ಆಫ್ ಮಾಡಿ. ಆಮೇಲೂ ಚಾಟ್ 72 ಗಂಟೆವರೆಗೆ ಅವರ ಹತ್ತಿರ ಇರುತ್ತೆ. ಆನ್ ಇದ್ದಾಗ ಪರಿಶೀಲನೆಗೆ ಮನುಷ್ಯರ ಕೈಗೆ ಹೋದ ಚಾಟ್ ನೀವು ಅಳಿಸಿದ್ರೂ 3 ವರ್ಷದವರೆಗೆ ಉಳಿಯಬಹುದು. ಚಾಟ್‌ಜಿಪಿಟಿಯಲ್ಲಾದ್ರೆ ಸೆಟ್ಟಿಂಗ್ಸ್, ಡೇಟಾ ಕಂಟ್ರೋಲ್ಸ್ ಒಳಗೆ "ಇಂಪ್ರೂವ್ ದ ಮಾಡೆಲ್ ಫಾರ್ ಎವ್ರಿಒನ್" (ನಿಮ್ಮ ಚಾಟ್ ಬಳಸಿ ಎಐಗೆ ಕಲಿಸೋಕೆ ಒಪ್ಪಿಗೆ) ಆಫ್ ಮಾಡಿ.

ಗ್ಯಾಲರಿ ಅನುಮತಿ ಕೇಳಿದಾಗ ಪೂರ್ತಿ ಕೊಡಬೇಡಿ. ಆಂಡ್ರಾಯ್ಡ್ 14ರಲ್ಲಿ ಬೇಕಾದ ಫೋಟೊ ಮಾತ್ರ ಆರಿಸಿ ಕೊಡೋಕೆ ಬರುತ್ತೆ. ಮೂಲ ಫೋಟೊ ಬದಲು ಅದರ ಸ್ಕ್ರೀನ್‌ಶಾಟ್ ಹಾಕಿ, ಕ್ಯಾಮೆರಾ ಬರೆದಿಟ್ಟ ಜಿಪಿಎಸ್ ಜಾಗ ಅದರ ಜೊತೆ ಹೋಗಲ್ಲ. ಹಿನ್ನೆಲೆಯಲ್ಲಿ ಗಾಡಿ ನಂಬರ್ ಪ್ಲೇಟ್, ಗೇಟಿನ ಮನೆ ಸಂಖ್ಯೆ ಇದ್ರೆ ಕತ್ತರಿಸಿ.

ಮಕ್ಕಳದ್ದು ಬೇಡ ಅನ್ನೋದೇ ನನ್ನ ಅಭಿಪ್ರಾಯ, ಅದರಲ್ಲೂ ಶಾಲೆ ಬ್ಯಾಡ್ಜು, ಐಡಿ ಕಾರ್ಡು ಕಾಣೋದು. ಕಾನೂನು ನೋಡ್ಕೊಳ್ಳುತ್ತೆ ಅಂತ ಕೂರೋ ಹಾಗಿಲ್ಲ: ಡೇಟಾ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ, ನಿಯಮ ಬಂದಿದ್ದು 2025ರ ನವೆಂಬರಿನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಇನ್ನು ಗೂಗಲ್ ತನ್ನ ಎಐ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಹಾಗೆ ಸೇರಿಸೋ ಸಿಂಥ್‌ಐಡಿ ಗುರುತು ಇದೆಯಲ್ಲ ಅಂತಾರೆ. ಅದು ಈ ಚಿತ್ರ ಎಐ ಮಾಡಿದ್ದು ಅಂತ ಹೇಳುತ್ತೆ ಅಷ್ಟೇ, ನೀವು ಕೊಟ್ಟ ಫೋಟೊವನ್ನ ಕಾಯಲ್ಲ.

ರುಜು ಹೆಬ್ಬೆಟ್ಟು:
ಅಂಗೈ ಫಾರ್ವರ್ಡ್ ತೀರಾ ಅತಿ. ಎಇಪಿಎಸ್‌ನಲ್ಲಿ (ಆಧಾರ್ ಮತ್ತು ಬೆರಳಚ್ಚಿನಿಂದ ಬ್ಯಾಂಕ್ ವ್ಯವಹಾರ ಮಾಡೋ ವ್ಯವಸ್ಥೆ) ದುಡ್ಡು ತೆಗೆಯೋಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಸ್ಕ್ಯಾನರ್ ಒಪ್ಪೋ ಬೆರಳಚ್ಚು ಮೂರೂ ಬೇಕು. ಮೂರೂ ಒಟ್ಟಿಗೆ ಸಿಗೋದು ಸೆಲ್ಫಿಯಲ್ಲಲ್ಲ. 2023ರಲ್ಲಿ ಬೆಂಗಳೂರಲ್ಲಿ ಇಂಥ ದೂರುಗಳು ಬಂದಾಗ ಅನುಮಾನ ಹೋಗಿದ್ದು ಆಸ್ತಿ ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಮೇಲೆ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚಿನಂಥ ಗುರುತು) ಲಾಕ್ ಮಾಡಿಡಿ. ರೇಷನ್‌ಗೆ ಹೆಬ್ಬೆಟ್ಟು ಒತ್ತೋ ಮುಂಚೆ ತಾತ್ಕಾಲಿಕವಾಗಿ ತೆರೆದ್ರೆ ಆಯ್ತು; ಮನೆಯ ಹಿರಿಯರಿಗೆ ಇದನ್ನ ಹೇಳಿಡದಿದ್ರೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಲಿ ವಾಪಸ್ ಬರ್ತಾರೆ.

ಕೀಲಿಮಣೆ:
ಎಪಿಕೆ ಈಗಾಗಲೇ ಯಾರಾದ್ರೂ ಹಾಕಿಬಿಟ್ಟಿದ್ರೆ?

ಹಳೇ ಆಂಡ್ರಾಯ್ಡ್:
ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಆಫ್. ಇನ್ನೊಂದು ಫೋನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಕಾರ್ಡು ನಿಲ್ಲಿಸಿ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಆದಷ್ಟೂ ಆ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹಿಡಿಯೋಕೆ ಸಿಗಲ್ಲ. ಆಮೇಲೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ (ಫೋನ್ ನಿಯಂತ್ರಿಸೋ ಅಧಿಕಾರ) ಎರಡರಲ್ಲೂ ಆ ಆಪ್ ಆಫ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ. ಅಳಿಸೋಕೆ ಬಿಡದೇ ಹೋದ್ರೆ ಸೇಫ್ ಮೋಡ್‌ನಲ್ಲಿ (ನೀವು ಹಾಕಿದ ಆಪ್‌ಗಳು ನಡೆಯದ ಹಾಗೆ ಫೋನ್ ಆನ್ ಮಾಡೋ ರೀತಿ) ಪ್ರಯತ್ನಿಸಿ. ಪಾಸ್‌ವರ್ಡುಗಳನ್ನ ಇನ್ನೊಂದು ಫೋನಿನಿಂದಲೇ ಬದಲಿಸಿ. ಕೊನೆಗೆ ಫ್ಯಾಕ್ಟರಿ ರೀಸೆಟ್. ಫೋಟೊ, ನಂಬರು ಮಾತ್ರ ಬ್ಯಾಕಪ್‌ನಿಂದ ತನ್ನಿ, ಆಪ್‌ಗಳನ್ನ ಪ್ಲೇ ಸ್ಟೋರಿನಿಂದ ಹೊಸದಾಗಿ ಹಾಕಿ.