ಹೈಡ್ರಾ ಕಲಿಯೋ ಹುಡುಗರಿಗೆ ಲೋಡ್ ಚಾರ್ಟ್ ಮನದಟ್ಟು ಮಾಡಿಸೋದು ಹೇಗೆ?

ಪೀಣ್ಯ_ಟ್ರೇನರ್:
ಜೆಸಿಬಿಯಲ್ಲಿ ಪಳಗಿದ ನಾಲ್ವರು ಹೈಡ್ರಾ (ಲೋಡ್ ಎತ್ತಿ ಹೊತ್ಕೊಂಡು ಓಡಾಡೋ ಕ್ರೇನ್) ಕಲಿಯೋಕೆ ಬಂದಿದ್ದಾರೆ. ಲಿವರ್ ಮೇಲೆ ಕೈ ಚೆನ್ನಾಗಿದೆ. ಆದ್ರೆ ಬೂಮ್ (ಕ್ರೇನಿನ ಉದ್ದ ತೋಳು) ಮೇಲೆ 14 ಟನ್ ಅಂತ ಬರೆದಿದ್ರೆ ಎಷ್ಟು ದೂರದಲ್ಲೂ ಅಷ್ಟು ಎತ್ತುತ್ತೆ ಅಂದ್ಕೊಂಡಿದ್ದಾರೆ. ಎಷ್ಟು ದೂರಕ್ಕೆ ಎಷ್ಟು ಟನ್ ಅಂತ ತೋರಿಸೋ ಲೋಡ್ ಚಾರ್ಟನ್ನ ಬೋರ್ಡ್ ಮೇಲೆ ಬರೆದು ಹೇಳಿದ್ರೆ ತಲೆಗೆ ಹತ್ತುತ್ತಿಲ್ಲ. ನೀವು ಹೇಗೆ ಕಲಿಸ್ತೀರಿ?

ರಿಗ್ಗರ್_ತೋರಣಗಲ್ಲು:
ಬೋರ್ಡ್ ಬಿಟ್ಟು ನೆಲಕ್ಕೆ ಬನ್ನಿ ಸರ್. ರೇಡಿಯಸ್, ಅಂದ್ರೆ ಗಾಡಿಯಿಂದ ಹುಕ್ಕಿಗಿರೋ ದೂರ, ಎಲ್ಲಿಂದ ಅಳೀಬೇಕು ಅಂತ ಚಾರ್ಟ್‌ನಲ್ಲೇ ಚಿತ್ರ ಇರುತ್ತೆ. ಅಲ್ಲಿಂದ ಟೇಪ್ ಹಿಡಿದು 2, 3, 4, 5 ಮೀಟರಿಗೆ ಸುಣ್ಣದ ಗೆರೆ ಎಳೆಸಿ. ಖಾಲಿ ಹುಕ್ಕನ್ನ ಒಂದೊಂದು ಗೆರೆ ಮೇಲೆ ನಿಲ್ಲಿಸಿ, ಅಲ್ಲಿ ಎಷ್ಟು ಟನ್ ಅಂತ ಹುಡುಗನೇ ಚಾರ್ಟ್ ಓದಿ ನೆಲದ ಮೇಲೆ ಬರೀಲಿ. ಬೂಮ್ ಪೂರ್ತಿ ಒಳಗಿದ್ದು ಅತಿ ಹತ್ತಿರ ಇದ್ದಾಗ ಮಾತ್ರ 14 ಅನ್ನೋದು ಕಣ್ಣಿಗೇ ಕಾಣುತ್ತೆ. ಹೈಡ್ರಾ ಅಂದ್ರೆ ಸನ್ನೆಗೋಲು, ಮುಂದಿನ ಚಕ್ರವೇ ಅದರ ಆನಿಕೆ.

ಇನ್ನೊಂದು: ಭಾರ ಬಿದ್ದಾಗ ಬೂಮ್ ಬಾಗುತ್ತೆ, ಮುಂದಿನ ಟಯರ್ ಅದುಮುತ್ತೆ, ಲೋಡ್ ಆಚೆಗೆ ಸರಿಯುತ್ತೆ. ಅದಕ್ಕೇ 10 ಸೆಂ.ಮೀ. ಎತ್ತಿ, ನಿಲ್ಲಿಸಿ, ಮತ್ತೆ ಅಳೆಸಿ. ಎರಡು ಗೆರೆ ನಡುವೆ ಬಂದ್ರೆ ದೂರದ ಗೆರೆಯ ಅಂಕಿಯೇ ಲೆಕ್ಕ.

ಸ್ಲಿಂಗ್_ಶೆಡ್:
ಹುಕ್ ಬ್ಲಾಕ್ (ಹುಕ್ಕಿರೋ ರಾಟೆ), ಸ್ಲಿಂಗ್ (ಲೋಡಿಗೆ ಕಟ್ಟೋ ಹಗ್ಗ, ಸರಪಳಿ), ಶ್ಯಾಕಲ್ (ಸ್ಲಿಂಗ್ ಜೋಡಿಸೋ ಕಬ್ಬಿಣದ ಕೊಂಡಿ) ತೂಕನೂ ಲೋಡಿಗೆ ಸೇರಿಸೋದು ಕಲಿಸಿ. ಸ್ಲಿಂಗ್ ಕೋನ ಅದಕ್ಕಿಂತ ಮುಖ್ಯ. 2 ಟನ್ ಲೋಡ್, ಎರಡು ಕಾಲಿನ ಸ್ಲಿಂಗ್ ಅಂದ್ರೆ ಕಾಲಿಗೆ 1 ಟನ್ ಅಂತಾರೆ. ಅದು ಕಾಲುಗಳು ನೆಟ್ಟಗಿದ್ರೆ ಮಾತ್ರ. ಅಡ್ಡಗೆರೆಯಿಂದ 60 ಡಿಗ್ರಿಗೆ 1.15, 45ಕ್ಕೆ 1.41, 30ಕ್ಕೆ ಪೂರ್ತಿ 2 ಟನ್ ಒಂದೊಂದು ಕಾಲಿಗೆ. 45ಕ್ಕಿಂತ ಕೆಳಗೆ ಇಳಿದ್ರೆ ಉದ್ದದ ಸ್ಲಿಂಗ್ ತರಿಸಿ.

ಯಾರ್ಡ್_ಮಂಗಳೂರು:
ಎತ್ತೋದಕ್ಕಿಂತ ಹೊತ್ಕೊಂಡು ಹೋಗುವಾಗಲೇ ಹೆಚ್ಚು ಅನಾಹುತ. ಗಾಡಿಯನ್ನ ನಡುವಿನ ಕೀಲಲ್ಲಿ ಬಾಗಿಸಿ ತಿರುಗಿಸಿದಾಗ ಲೋಡ್ ಪಕ್ಕಕ್ಕೆ ಹೋಗುತ್ತೆ, ನೇರ ಇದ್ದಾಗಿನ ತೂಕ ಆಗ ತಡೆಯಲ್ಲ. ಲೋಡ್ ನೆಲಕ್ಕೆ ಹತ್ತಿರ, ಬೂಮ್ ಗಿಡ್ಡ, ನಡಿಗೆ ವೇಗ. ಹೆಲ್ಪರ್ ಲೋಡನ್ನ ಕೈಯಲ್ಲಿ ಹಿಡಿದು ಮುಂದಿನ ಚಕ್ರದ ಪಕ್ಕ ನಡೆಯೋದನ್ನ ಮೊದಲ ದಿನವೇ ನಿಲ್ಲಿಸಿ; ಎಡವಿದ್ರೆ ಟಯರ್ ಅಡಿಗೇ ಬೀಳ್ತಾನೆ. ಟ್ಯಾಗ್ ಲೈನ್ (ಲೋಡಿಗೆ ಕಟ್ಟಿ ದೂರದಿಂದ ಹಿಡಿಯೋ ಹಗ್ಗ) ಕೊಟ್ಟು ದೂರ ನಡೆಸಿ. ಸಿಗ್ನಲ್ ಒಬ್ಬನದೇ, ಆದ್ರೆ 'ನಿಲ್ಲಿಸು' ಯಾರು ಅಂದ್ರೂ ನಿಲ್ಲಿಸ್ಬೇಕು.

ಪೀಣ್ಯ_ಟ್ರೇನರ್:
ನಾಳೆಯೇ ಗೆರೆ ಎಳೆಸ್ತೀನಿ. ಒಂದು ಗಾಡಿಯ ಚಾರ್ಟ್ ಅಳಿಸಿಹೋಗಿದೆ, ಇನ್ನೊಂದರದ್ದು ಹಾಕ್ಬಹುದಾ?

ರಿಗ್ಗರ್_ತೋರಣಗಲ್ಲು:
ಬೇಡ ಸರ್. ಟನ್ ಒಂದೇ ಇದ್ರೂ ಮಾಡೆಲ್ ಬದಲಾದ್ರೆ ಅಂಕಿ ಬೇರೆ. ಸೀರಿಯಲ್ ನಂಬರ್ ಕೊಟ್ಟು ಕಂಪನಿಯಿಂದ ತರಿಸಿ, ಅಲ್ಲಿವರೆಗೆ ಆ ಗಾಡಿಯಲ್ಲಿ ಲೋಡ್ ಎತ್ತಿಸ್ಬೇಡಿ.